ಅಂಗಳದ ನಡುವೆ ಒಂದು ಕಟ್ಟಡ

ಕವಿತೆಯನ್ನು ವಿಮರ್ಶಿಸುವಾಗ ನಾವು ಕನ್ನಡ ಮೇಷ್ಟರುಗಳು ಬಳಸುವ ಮಾತುಗಳಲ್ಲಿ ಅರ್ಧಕ್ಕರ್ಧ ಕಟ್ಟಡದವರಿಂದ ಸಾಲ ತಂದವು. ಬಂಧ, ಶಿಲ್ಪ, ಚೌಕಟ್ಟು, ತಳಹದಿ ಇವೆಲ್ಲ ಗಾರೆ ಕೆಲಸದವರ ಸೊತ್ತು. ಪದ್ಯದ ಕಟ್ಟು ಸಡಿಲವಾಯಿತು ಎನ್ನುತ್ತೇವೆ. ಕಾದಂಬರಿಯ ಉತ್ತರಾರ್ಧ ಬಿರುಕು ಬಿಟ್ಟಿದೆ ಎನ್ನುತ್ತೇವೆ. ಇಷ್ಟು ಸಾಲ ಮಾಡಿದವರು ಒಮ್ಮೆಯಾದರೂ ನಿಜವಾದ ಕಟ್ಟಡವೊಂದನ್ನು ಓದಿ ಬಡ್ಡಿಯನ್ನಾದರೂ ತೀರಿಸಬೇಡವೇ? ಅಂಥ ಸಂದರ್ಭ ಈಚೆಗೆ ನನಗೆ ಒದಗಿತು. ನಾನಾಗಿ ಹುಡುಕಿಕೊಂಡು ಹೋದದ್ದಲ್ಲ; ಕಟ್ಟಡ ಸಮಿತಿಯಲ್ಲಿ 'ಸಾಹಿತ್ಯ ಬಲ್ಲವರೊಬ್ಬರು' ಇರಲಿ ಎಂದು ಪ್ರಾಂಶುಪಾಲರು ನನ್ನ ಹೆಸರು ಬರೆಸಿದರು. ಅಡಿಗಲ್ಲಿನ ಮೇಲೆ ಕೆತ್ತಿಸುವ ನಾಲ್ಕು ಸಾಲಿಗೆ ನಾನು ಬೇಕಾಗಿದ್ದೆನೆಂದು ಆಮೇಲೆ ತಿಳಿಯಿತು.

ನಾನು ಪಾಠ ಹೇಳುವ ಕಾಲೇಜು ಪುತ್ತೂರು–ಸುಳ್ಯದ ಬಸ್ಸುಗಳು ನಿಲ್ಲುವ ಒಂದು ಗುಡ್ಡದ ಮೇಲಿದೆ. ಹೆಸರು ಬೇಡ, ನಮ್ಮ ಕಡೆ ಇಂಥ ಗುಡ್ಡಗಳಿಗೂ ಕಾಲೇಜುಗಳಿಗೂ ಬರವಿಲ್ಲ. ಹಳೆಯ ಕಟ್ಟಡ ಮುರಕಲ್ಲಿನದು. ಮೇಲೆ ಮಂಗಳೂರು ಹಂಚು, ನಾಲ್ಕು ಸುತ್ತಿಗೂ ತರಗತಿಗಳು, ಅವುಗಳ ಮುಂದೆ ಅಗಲವಾದ ಜಗಲಿ, ನಡುವೆ ಒಂದು ಅಂಗಳ. ಅಂಗಳ ಉದ್ದಕ್ಕೂ ಅಗಲಕ್ಕೂ ಮೂವತ್ತು ಮೂವತ್ತು ಹೆಜ್ಜೆ. ಮರವನ್ನು ಕಡಿಯುತ್ತಾರೆಂದು ನಾನು ಗೋಳಿಡಲು ಹೊರಟಿದ್ದೇನೆಂದು ವಾಚಕರು ತಿಳಿಯಬಾರದು. ಈ ಅಂಗಳದಲ್ಲಿ ಮರವೇ ಇಲ್ಲ. ಅಡಕೆ ಬೆಳೆಯುವವರು ಕಟ್ಟಿಸಿದ ಕಾಲೇಜು. ಅಂಗಳದಲ್ಲಿ ನೆರಳು ಬೀಳಬಾರದೆಂಬುದು ಅವರ ರಕ್ತದಲ್ಲೇ ಇತ್ತೆಂದು ತೋರುತ್ತದೆ.

ಈ ಅಂಗಳ ಸತ್ತಿದೆ. ಅದನ್ನು ಬದುಕಿಸಲೆಂದು ಅದರ ನಡುವೆ ಮೂರು ಅಂತಸ್ತಿನ ಒಂದು ಭವನವನ್ನು ಕಟ್ಟುವ ನಕ್ಷೆ ನನ್ನ ಮೇಜಿನ ಮೇಲೆ ಮೂರು ವಾರಗಳಿಂದ ಬಿದ್ದುಕೊಂಡಿದೆ. ನಕ್ಷೆಯ ನೆತ್ತಿಯ ಮೇಲೆ 'ಒಳಾಂಗಣದ ಪುನಶ್ಚೇತನ' ಎಂದು ದಪ್ಪಕ್ಷರದ ತಲೆಬರಹವಿದೆ. ತಲೆಬರಹದಲ್ಲಿ ಹೇಳಿದ್ದನ್ನು ಪದ್ಯ ಮಾಡಿ ತೋರಿಸಿದೆಯೇ ಎಂದು ನೋಡುವುದು ನನ್ನ ಕಸುಬು. ಆದ್ದರಿಂದ ಈ ನಕ್ಷೆಯನ್ನೂ ಹಾಗೆಯೇ ಓದಿದೆ.

ಮೊದಲು, ಅಂಗಳ ಸತ್ತದ್ದು ಹೇಗೆ? ನಾನು ಇಲ್ಲಿಗೆ ಬಂದ ಹೊಸದರಲ್ಲಿ ಪೂರ್ವದ ಸಾಲಿನಲ್ಲಿ ಗ್ರಂಥಾಲಯವಿತ್ತು. ಅದರ ಬಾಗಿಲು ಅಂಗಳಕ್ಕೆ ತೆರೆಯುತ್ತಿತ್ತು. ದಕ್ಷಿಣದ ಮೂಲೆಯಲ್ಲಿ ಕ್ಯಾಂಟೀನು. ಕಚೇರಿಯ ಹಣ ಕಟ್ಟುವ ಕಿಟಕಿಯೂ ಒಳಕ್ಕೇ ಇತ್ತು. ಪುಸ್ತಕ ಹಿಂದಿರುಗಿಸಲು ಬಂದ ಹುಡುಗ ಚಹಾ ಕುಡಿಯಲು ಅಂಗಳ ದಾಟಬೇಕು, ದಾಟುವಾಗ ನಾಲ್ಕು ಜನ ಸಿಗಬೇಕು, ಸಿಕ್ಕವರೊಡನೆ ನಿಲ್ಲಬೇಕು. ಹೀಗೆ ನಿಂತವರ ಮಾತಿನಿಂದಲೇ ಅಂಗಳ ತುಂಬಿರುತ್ತಿತ್ತು. ಮುಂದೆ ಗ್ರಂಥಾಲಯಕ್ಕೆ ಜಾಗ ಸಾಲದೆ ಹೋಯಿತು. ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಕೆಳಗೆ ರಸ್ತೆಯ ಬದಿಯ ಹೊಸ ಕಟ್ಟಡಕ್ಕೆ ಅದನ್ನು ಒಯ್ಯೋಣವೆಂದು ಸಭೆಯಲ್ಲಿ ನಿರ್ಣಯವಾಯಿತು. ಅಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ. ಪುಸ್ತಕಗಳ ಹಿತವನ್ನು ನೋಡಿದೆ, ಅಂಗಳದ ಹಿತವನ್ನು ನೋಡಲಿಲ್ಲ. ಗ್ರಂಥಾಲಯದ ಹಿಂದೆಯೇ ಕ್ಯಾಂಟೀನೂ ಗೇಟಿನ ಬಳಿಗೆ ಹೋಯಿತು. ಕಚೇರಿಯವರು ಹೊರಗೋಡೆಗೆ ಹೊಸ ಕಿಟಕಿ ಒಡೆಸಿಕೊಂಡರು. ಎರಡು ಮೂರು ವರ್ಷದೊಳಗೆ ಎಲ್ಲ ಬಾಗಿಲುಗಳೂ ಅಂಗಳಕ್ಕೆ ಬೆನ್ನು ಹಾಕಿದವು. ಈಗ ಮೊಬೈಲಿನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಮೊಬೈಲು ಎಲ್ಲರ ಕೈಗೂ ಬರುವ ಮೊದಲೇ ಅಂಗಳದಲ್ಲಿ ಪಾಚಿ ಕಟ್ಟಿತ್ತು.

ಇಲ್ಲಿ ನನಗೆ ಶಿವರಾಮ ಕಾರಂತರ 'ಬೆಟ್ಟದ ಜೀವ' ನೆನಪಾಗುತ್ತದೆ. 1943ರ ಕಾದಂಬರಿ, ಸುಬ್ರಹ್ಮಣ್ಯದ ಕಡೆಯ, ಇಂದಿನ ಕಡಬ–ಸುಳ್ಯದ ಆಸುಪಾಸಿನ ಕಾಡುಬೆಟ್ಟಗಳ ಕಥೆ. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಗೋಪಾಲಯ್ಯನ ಮನೆ ಸೇರುತ್ತಾನೆ. ಕಾದಂಬರಿಯ ನಟ್ಟನಡುವೆ ಆ ಮನೆಯಿದೆ. ಎಲ್ಲ ದಾರಿಗಳೂ ಅಲ್ಲಿಂದ ಹೊರಟು ಅಲ್ಲಿಗೇ ಬಂದು ಮುಟ್ಟುತ್ತವೆ. ಉಣಿಸುವ ಕೈಗೆ ಅಲ್ಲಿ ಕೊರತೆಯಿಲ್ಲ. ತೋಟ, ಗದ್ದೆ ಯಾವುದಕ್ಕೂ ಕೊರತೆಯಿಲ್ಲ. ಇರುವ ಕೊರತೆ ಒಂದೇ: ಮನೆ ಬಿಟ್ಟುಹೋದ ಮಗ ಶಂಭು. ಕಾರಂತರು ಆ ಖಾಲಿತನವನ್ನು ಮನೆಯ ವರ್ಣನೆಯಿಂದ ತುಂಬುವುದಿಲ್ಲ. ಮುದುಕರಿಬ್ಬರು ಬಂದವನನ್ನು ಉಪಚರಿಸುವ ಅತಿಶಯದಲ್ಲಿಯೇ ಅದು ನಮಗೆ ತಿಳಿಯುತ್ತದೆ. ಗೋಪಾಲಯ್ಯ ತೋಟದ ನಡುವೆ ಮೂರಂತಸ್ತಿನ ಉಪ್ಪರಿಗೆ ಕಟ್ಟಿಸಿದ್ದರೆ ಶಂಭು ಬರುತ್ತಿದ್ದನೆ? ನಮ್ಮ ಸಮಿತಿಗೆ ಈ ಪ್ರಶ್ನೆ ಹಾಕಿದೆ. ಒಬ್ಬರು ನಕ್ಕರು. ಇನ್ನೊಬ್ಬರು, 'ಸರ್, ಅದು ಕಾದಂಬರಿ' ಎಂದರು.

ಸರಿ, ನಕ್ಷೆಗೆ ಬರೋಣ. ನೆಲದ ಅಂತಸ್ತಿನಲ್ಲಿ ಹವಾನಿಯಂತ್ರಿತ ಸಭಾಂಗಣ. ಗೇಟಿನ ಕಡೆಗೆ ಗಾಜಿನ ಮುಖ, ಅದರ ಮುಂದೆ ಎತ್ತರದ ಮೆಟ್ಟಿಲು. ಹಿಂಬದಿಯಲ್ಲಿ ಶೌಚಾಲಯ, ಜನರೇಟರಿನ ಕೋಣೆ, ಹವಾಯಂತ್ರಗಳ ಪೆಟ್ಟಿಗೆಗಳು. ಭವನಕ್ಕೂ ಹಳೆಯ ಜಗಲಿಗೂ ನಡುವೆ ಸುತ್ತಲೂ ಉಳಿಯುವುದು ಎಂಟು ಅಡಿ. ಇದನ್ನು ಕಂಡಾಗ ನನಗನ್ನಿಸಿದ್ದು ಇಷ್ಟೆ: ಬರೆದವನಿಗೆ ವಸ್ತುವಿನ ಮೇಲೆ ಪ್ರೀತಿಯಿದೆ, ಆದರೆ ಛಂದಸ್ಸು ಗೊತ್ತಿಲ್ಲ. ರಸ್ತೆಯ ಬದಿಯ ಕಟ್ಟಡಕ್ಕೆ ಮುಂದೂ ಹಿಂದೂ ಇರಬಹುದು. ಅಂಗಳದ ನಡುವಿನ ಕಟ್ಟಡಕ್ಕೆ ಹಿಂಭಾಗವೆಂಬುದು ಇರಕೂಡದು. ನಾಲ್ಕು ದಿಕ್ಕಿನಿಂದಲೂ ಜನ ನೋಡುವ ಜಾಗದಲ್ಲಿ ಒಂದು ದಿಕ್ಕಿಗೆ ಬೆನ್ನು ತಿರುಗಿಸಿದರೆ, ಆ ದಿಕ್ಕಿನ ತರಗತಿಗಳಲ್ಲಿ ಕೂತವರು ವರ್ಷವಿಡೀ ಜನರೇಟರಿನ ಹೊಗೆಯೊಡನೆ ಪಂಪನನ್ನು ಓದಬೇಕಾಗುತ್ತದೆ. ಇದನ್ನೇ ಸಂಸ್ಕೃತದ ಅಲಂಕಾರಿಕರಲ್ಲಿ ಕ್ಷೇಮೇಂದ್ರನು ಔಚಿತ್ಯವೆಂದು ಕರೆದು ಕಾವ್ಯದ ಜೀವವನ್ನು ಅದರಲ್ಲಿಯೇ ಕಂಡನು. ಸಭಾಂಗಣ ಕೆಟ್ಟದ್ದೆಂದಲ್ಲ, ಅದು ಇರತಕ್ಕ ಜಾಗ ಇದಲ್ಲ. ವರ್ಷದಲ್ಲಿ ಹತ್ತಿಪ್ಪತ್ತು ದಿನ ತೆರೆಯುವ ಬಾಗಿಲನ್ನು ಅಂಗಳದ ನಡುವೆ ಇಟ್ಟರೆ ಮಿಕ್ಕ ದಿನಗಳಲ್ಲಿ ಅಲ್ಲಿ ಕಾಣುವುದು ಬೀಗ.

ನಮ್ಮ ದೇವಸ್ಥಾನಗಳನ್ನು ಕಟ್ಟಿದವರಿಗೆ ಈ ಲೆಕ್ಕ ತಿಳಿದಿತ್ತು. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಗೆ ಹೋದವರೆಲ್ಲ ನೋಡಿರುತ್ತಾರೆ. ಏಪ್ರಿಲ್ 10ಕ್ಕೆ ಕೊಡಿ ಏರಿ 17ಕ್ಕೆ ಬ್ರಹ್ಮರಥೋತ್ಸವ. ಆ ದಿನಗಳಲ್ಲಿ ಊರು ತುಂಬುವುದು ಗುಡಿಯೊಳಗಲ್ಲ, ಗುಡಿಯ ಸುತ್ತಿನಲ್ಲಿ, ಎದುರಿನ ಗದ್ದೆಯಲ್ಲಿ. ನಡುವಿನ ಗುಡಿ ಚಿಕ್ಕದು, ಸುತ್ತಿನ ಅಂಗಣ ದೊಡ್ಡದು. ದೇವರು ಒಳಗೆ ಕೂತಿರುವುದಕ್ಕೆ ಎಷ್ಟು ಬೆಲೆಯೋ ಹೊರಗೆ ಬಂದು ಸುತ್ತು ಬರುವುದಕ್ಕೂ ಅಷ್ಟೇ ಬೆಲೆ. ಕಾಲೇಜನ್ನು ದೇವಸ್ಥಾನ ಮಾಡಲು ಹೊರಟವನಲ್ಲ ನಾನು. 'ವಿದ್ಯಾಮಂದಿರ' ಎಂಬ ಮಾತು ಕೇಳಿದರೇ ನನಗೆ ತುಸು ಕಸಿವಿಸಿ. ನಾನು ಹೇಳುವುದು ಅಳತೆಯ ಮಾತು: ನಡುವಿನದು ಚಿಕ್ಕದಾಗಿದ್ದಷ್ಟೂ ಸುತ್ತು ಬದುಕುತ್ತದೆ.

ನಡುವಿನ ಕಟ್ಟಡವೊಂದು ಬದುಕಿ, ಸತ್ತು, ಮತ್ತೆ ಬದುಕಿದ ಕಥೆ ಕಡಲಾಚೆಯಲ್ಲೊಂದಿದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯವನ್ನು ಥಾಮಸ್ ಜೆಫರ್ಸನ್ ಒಂದು ಹಳ್ಳಿಯ ಹಾಗೆ ಕಲ್ಪಿಸಿದ. ಉದ್ದನೆಯ ಹುಲ್ಲು ಬಯಲು. ಎರಡು ಬದಿಗೆ ಕಂಬಸಾಲಿನ ಜಗಲಿ, ಅದಕ್ಕೆ ಹೊಂದಿಕೊಂಡು ಅಧ್ಯಾಪಕರ ಹತ್ತು ಮನೆಗಳು, ನಡುನಡುವೆ ವಿದ್ಯಾರ್ಥಿಗಳ ಕೋಣೆಗಳು. ಬಯಲಿನ ತಲೆಯಲ್ಲಿ ರೋಮಿನ ಪ್ಯಾಂಥಿಯನ್ನಿನ ಮಾದರಿಯಲ್ಲಿ, ಅದರ ಅರ್ಧದಳತೆಯ ಗುಮ್ಮಟದ ಕಟ್ಟಡ. ಬೇರೆ ಕಡೆಗಳಲ್ಲಿ ಇಗರ್ಜಿ ಇರುತ್ತಿದ್ದ ಆ ಜಾಗದಲ್ಲಿ ಆತ ಗ್ರಂಥಾಲಯವನ್ನಿಟ್ಟ. ಸ್ವಾತಂತ್ರ್ಯದ ಘೋಷಣೆ ಬರೆದವನ ಈ ಕನಸನ್ನು ಕಲ್ಲು ಇಟ್ಟಿಗೆ ಹೊತ್ತು ನಿಜ ಮಾಡಿದವರಲ್ಲಿ ಗುಲಾಮರು ಬಹಳ ಮಂದಿ. ಚೆಂದದ ಅಂಗಳವನ್ನು ಹೊಗಳುವಾಗ ಇದನ್ನು ನುಂಗಿಕೊಂಡು ಮಾತಾಡಬಾರದು. 1895ರಲ್ಲಿ ಗುಮ್ಮಟಕ್ಕೆ ಬೆಂಕಿ ಬಿತ್ತು. ಮರಳಿ ಕಟ್ಟಲು ಬಂದ ಸ್ಟ್ಯಾನ್‌ಫರ್ಡ್ ವೈಟ್, ದೂರದ ಬೆಟ್ಟಗಳಿಗೆ ತೆರೆದುಕೊಂಡಿದ್ದ ಬಯಲಿನ ಕೆಳತುದಿಗೆ ಹೊಸ ಕಟ್ಟಡಗಳನ್ನಿಟ್ಟು ಮುಚ್ಚಿದ. ಆದರೆ ನನಗೆ ಮುಖ್ಯವಾದದ್ದು 1938. ಆ ವರ್ಷ ಗ್ರಂಥಾಲಯಕ್ಕೆ ಬೇರೆ ಕಟ್ಟಡವಾಗಿ ಪುಸ್ತಕಗಳು ಅಲ್ಲಿಗೆ ಹೋದವು. ಗುಮ್ಮಟ ಹಾಗೆಯೇ ನಿಂತಿತು, ಕಂಬಗಳೂ ಹಾಗೆಯೇ ನಿಂತವು. ಹುಡುಗರು ದಿನನಿತ್ಯ ಒಳಗೆ ಹೋಗುವ ಕಾರಣವೊಂದೇ ಇಲ್ಲವಾಯಿತು. ಚಿತ್ರಪಟದ ಕಟ್ಟಡವಾಯಿತು ಅದು. 2012ರಿಂದ 2016ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಗಾರೆ, ಕಂಬ, ಛಾವಣಿ ಸರಿಮಾಡಿದ್ದಲ್ಲದೆ ಒಳಗೆ ತರಗತಿಗಳನ್ನು ತಂದು, ಗುಮ್ಮಟದ ಕೆಳಗೆ ಹುಡುಗರು ಕೂತು ಓದುವಂತೆ ಮಾಡಿದರು. ಲೋಕಪ್ರಸಿದ್ಧ ಶಿಲ್ಪಕ್ಕೇ ಮೇಜು ಕುರ್ಚಿಯ ಆಸರೆ ಬೇಕಾಯಿತು! ನಾವು ಕೈ ಎತ್ತಿ ಮಾಡಿದ ತಪ್ಪನ್ನು ಅವರು ನಮಗಿಂತ ಬಹಳ ಮೊದಲೇ ಮಾಡಿದ್ದರು ಎಂಬುದು ನನಗೆ ಒಂದು ಬಗೆಯ ಸಮಾಧಾನ.

ನಮ್ಮ ನಾಡಿನಲ್ಲಿಯೇ ಬೇರೊಂದು ಬಗೆಯ ಉತ್ತರವಿದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐ.ಐ.ಎಂ. ಆವರಣವನ್ನು ಬಾಲಕೃಷ್ಣ ದೋಷಿಯವರು ಕಲ್ಪಿಸಿದರು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ, 2023ರಲ್ಲಿ ತೀರಿಕೊಂಡ ದೋಷಿ. ಹಿಂದೊಮ್ಮೆ ಅಹಮದಾಬಾದಿನ ಐ.ಐ.ಎಂ.ನಲ್ಲಿ ಲೂಯಿ ಕಾನ್ ಅವರೊಡನೆ ದುಡಿದವರು. ಕಾನ್ ಅಲ್ಲಿ ಇಟ್ಟಿಗೆಯ ಗೋಡೆಗಳ ನಡುವೆ ದೊಡ್ಡದೊಂದು ಬಯಲನ್ನು ಬಯಲಾಗಿಯೇ ಬಿಟ್ಟರು. ದೋಷಿಯವರು ಬೆಂಗಳೂರಿನಲ್ಲಿ ಫತೇಪುರ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒರಟು ಕಲ್ಲಿನ ಗೋಡೆಗಳ ನಡುವೆ ಓಣಿಗಳನ್ನೂ ಚಿಕ್ಕ ದೊಡ್ಡ ಅಂಗಳಗಳನ್ನೂ ಹೆಣೆದರು. ಕೆಲವು ವರ್ಷಗಳ ಕೆಳಗೆ ಯಾವುದೋ ಕಾರ್ಯಾಗಾರಕ್ಕೆಂದು ಹೋಗಿ ಉಪನ್ಯಾಸ ತಪ್ಪಿಸಿಕೊಂಡು ಆ ಓಣಿಗಳಲ್ಲಿ ತಿರುಗಿದೆ. ಅಲ್ಲಿ 'ಇದೇ ನಡು' ಎಂದು ಬೆರಳಿಟ್ಟು ತೋರಿಸುವಂಥ ಕಟ್ಟಡ ನನಗೆ ಕಾಣಲಿಲ್ಲ. ನಡೆಯುವ ದಾರಿಯೇ ಅಲ್ಲಿ ನಡು. ಓಣಿ ಬೇಕಾದ್ದಕ್ಕಿಂತ ಅಗಲ. ಆದ್ದರಿಂದ ಇಬ್ಬರು ನಿಂತು ಮಾತಾಡಿದರೆ ಮೂರನೆಯವನಿಗೆ ಅಡ್ಡಿಯಾಗದು. ಮೇಲಿನ ತೆರೆದ ತೊಲೆಗಳ ನಡುವಿನಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಒಳ್ಳೆಯ ಗದ್ಯದಂತೆ ಅನ್ನಿಸಿತು ನನಗೆ: ಯಾವ ವಾಕ್ಯವೂ ತನ್ನನ್ನು ನೋಡೆಂದು ಕೂಗುವುದಿಲ್ಲ, ಆದರೂ ಓದುತ್ತ ಹೋಗುತ್ತೇವೆ.

ನಮ್ಮ ಸಮಿತಿಯ ತರುಣ ಸದಸ್ಯರೊಬ್ಬರು ಇದನ್ನು ಕೇಳಿ, 'ಹಾಗಾದರೆ ನಾವೂ ಅಂಥ ತೆರೆದ ತೊಲೆಗಳನ್ನೇ ಹಾಕಿಸೋಣ' ಎಂದು ಹುರುಪುಗೊಂಡರು. ಬೆಂಗಳೂರಿನಲ್ಲಿ ಬೀಳುವ ಮಳೆಯ ಸುಮಾರು ನಾಲ್ಕು ಪಾಲು ನಮ್ಮಲ್ಲಿ ಬೀಳುತ್ತದೆ. ಜೂನಿನಿಂದ ಸೆಪ್ಟೆಂಬರದವರೆಗೆ ತೆರೆದ ತೊಲೆಗಳ ಕೆಳಗೆ ನಿಂತವನು ನೆನೆದು ತೊಪ್ಪೆಯಾಗುತ್ತಾನೆ. ಅನುಕರಣೆಯಲ್ಲಿ ಮೊದಲು ಕಳೆದುಹೋಗುವುದು ಹವಾಮಾನ, ಕಾವ್ಯದಲ್ಲಿಯೂ ಹಾಗೆಯೇ.

ಹಾಗಾದರೆ ಏನೂ ಕಟ್ಟದೆ ಬಿಟ್ಟುಬಿಡೋಣವೇ? ಅಧ್ಯಾಪಕರಲ್ಲಿ ಅರ್ಧ ಜನ ಹಾಗೆನ್ನುತ್ತಾರೆ. ಮೊನ್ನೆ ಮೊನ್ನೆಯವರೆಗೆ ನಾನೂ ಹಾಗೆಯೇ ಅನ್ನುತ್ತಿದ್ದೆ. ನಮ್ಮ ಮನೆಗಳ ಅಂಗಳ ಖಾಲಿಯಲ್ಲ, ಸಿದ್ಧವಾಗಿರುವುದು ಎಂದು ಸಭೆಯಲ್ಲಿ ವಾದಿಸಿದ್ದೆ ಕೂಡ. ಮಳೆ ನಿಂತ ಮೇಲೆ ಪಾಚಿ ಕೆರೆದು, ನೆಲ ಗಟ್ಟಿಮಾಡಿ, ಸೆಗಣಿ ಸಾರಿಸಿ ಅಡಕೆ ಹರಡುತ್ತಾರೆ. ಚಾಲಿಯಾಗಲು ಅದಕ್ಕೆ ನಲವತ್ತು ನಲವತ್ತೈದು ದಿನದ ಬಿಸಿಲು ಬೇಕು. ಅದು ಮುಗಿದರೆ ಮದುವೆಯ ಚಪ್ಪರ. ಇಲ್ಲವಾದರೆ ಒಂದು ರಾತ್ರಿಯ ಆಟ. ಮಳೆಗಾಲದಲ್ಲಿ ಜಾರದಿರಲೆಂದು ಅಡಕೆಯ ಸೋಗೆ ಹಾಸಿ ನಡೆಯುವ ದಾರಿ. ಹನ್ನೆರಡು ತಿಂಗಳೂ ಅಂಗಳಕ್ಕೆ ಕೆಲಸವುಂಟು. ವಾದ ಚೆನ್ನಾಗಿಯೇ ಇತ್ತು, ಚಪ್ಪಾಳೆಯೂ ಬಿತ್ತು.

ಆ ಸಂಜೆ ಎರಡನೆಯ ಬಿ.ಎ.ಯ ಒಬ್ಬ ಹುಡುಗಿಯನ್ನು ಕೇಳಿದೆ, ನೀವೆಲ್ಲ ಅಂಗಳದಲ್ಲಿ ಯಾಕೆ ಕೂರುವುದಿಲ್ಲ ಎಂದು. ಕಡಬದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿ. 'ಅಲ್ಲಿ ಕೂತರೆ ನಾಲ್ಕೂ ಬದಿಯ ಕಿಟಕಿಗಳು ನಮ್ಮನ್ನೇ ನೋಡುವುದು ಸರ್' ಎಂದಳು. 'ಹುಡುಗರು ಒಂದು ಬದಿ, ಸ್ಟಾಫ್ ರೂಮು ಒಂದು ಬದಿ. ನಮಗೆ ಕೂತುಕೊಳ್ಳಲಿಕ್ಕೆ ಒಂದು ಮೂಲೆ ಬೇಕು. ಅಲ್ಲಿ ಮೂಲೆಯೇ ಇಲ್ಲ.'

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಹೊಳೆಯದ ಮಾತು. ಖಾಲಿ ಅಂಗಳದ ಸೌಂದರ್ಯವನ್ನು ಹೊಗಳಿದ ನಾವೆಲ್ಲ ಜಗಲಿಯ ಮೇಲೆ ನಿಂತು ನೋಡುವವರು. ಅಲ್ಲಿ ಕೂರಬೇಕಾದವರನ್ನು ನಾವು ಕೇಳಿರಲಿಲ್ಲ. ಮನೆಯ ಅಂಗಳದಲ್ಲಿ ಎಲ್ಲರೂ ತಮ್ಮವರು. ಅಲ್ಲಿ ಮೂಲೆ ಬೇಡ. ಕಾಲೇಜಿನ ಅಂಗಳದಲ್ಲಿ ಬೇಕು. ನಡುವೆ ಒಂದು ಕಟ್ಟಡ ಬಂದರೆ, ಅದು ಚಿಕ್ಕದಾಗಿದ್ದರೆ, ಒಂದು ಬಯಲು ನಾಲ್ಕಾಗುತ್ತದೆ, ನೋಟ ಕಡಿಯುತ್ತದೆ, ಮೂಲೆಗಳು ಹುಟ್ಟುತ್ತವೆ. ಆ ಹೊತ್ತಿನಿಂದ ನಾನು ಕಟ್ಟಡದ ಪಕ್ಷಕ್ಕೆ ಬಂದೆ, ಈ ನಕ್ಷೆಯ ಪಕ್ಷಕ್ಕಲ್ಲದಿದ್ದರೂ.

ಮರುದಿನ ಮೂರೂವರೆಯಿಂದ ಐದರವರೆಗೆ ಗೇಟಿನ ಬಳಿ ನಿಂತು ನೋಡಿದೆ. ತರಗತಿ ಬಿಟ್ಟೊಡನೆ ಎಲ್ಲರೂ ಓಡುವುದು ಬಸ್ ನಿಲ್ದಾಣಕ್ಕೆ. ಆದರೆ ಬಸ್ಸು ಅಷ್ಟು ಬೇಗ ಬರುವುದಿಲ್ಲ. ಬೆಳ್ಳಾರೆಗೆ, ಪಂಜಕ್ಕೆ, ಸುಬ್ರಹ್ಮಣ್ಯಕ್ಕೆ, ಆಲಂಕಾರಿಗೆ ಹೋಗುವವರೆಲ್ಲ ರಸ್ತೆಯ ಬದಿಯಲ್ಲಿ ಕೊಡೆ ಹಿಡಿದು ಅರ್ಧ ಗಂಟೆ, ಮುಕ್ಕಾಲು ಗಂಟೆ ನಿಲ್ಲುತ್ತಾರೆ. ನಮ್ಮ ಕಾಲೇಜಿನ ಅತ್ಯಂತ ದೊಡ್ಡ ಸಭೆ ದಿನವೂ ಸೇರುವುದು ಅಲ್ಲಿ, ಚರಂಡಿಯ ಅಂಚಿನಲ್ಲಿ. ಅಂಗಳಕ್ಕೆ ಬೇಕಾದ ಜನ ಅವರೇ; ಅವರ ಕೈಯಲ್ಲಿರುವ ಹೊತ್ತೂ ಅದೇ.

ನಾನು ಸಮಿತಿಗೆ ಬರೆದುಕೊಟ್ಟ ಟಿಪ್ಪಣಿಯಲ್ಲಿ ಇರುವುದು ಇಷ್ಟು. ಒಂದೇ ಅಂತಸ್ತು, ಮೇಲೆ ಹಂಚು. ಸುತ್ತಲೂ ಕೂರುವಷ್ಟು ಎತ್ತರದ, ಮಲಗಲಾಗದಷ್ಟು ಕಿರಿದಾದ ಜಗಲಿ. ಒಳಗೆ ಓದುವ ಕೋಣೆ: ದಿನಪತ್ರಿಕೆ, ವಾರಪತ್ರಿಕೆ, ಪರೀಕ್ಷೆಯ ಪುಸ್ತಕಗಳು, ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಒಂದು ಮೇಜು. ದೊಡ್ಡ ಗ್ರಂಥಾಲಯ ಕೆಳಗೇ ಇರಲಿ. ಬೂಷ್ಟಿನ ಭಯ ಇಂದಿಗೂ ಸುಳ್ಳಲ್ಲ. ನಾಲ್ಕು ಬಾಗಿಲು, ನಾಲ್ಕರಿಂದಲೂ ಹಳೆಯ ಜಗಲಿಗೆ ಮಾಡಿನ ದಾರಿ. ಮಳೆಯಲ್ಲಿ ಅಂಗಳ ದಾಟುವವರು ಈ ಕೋಣೆಯ ಮೂಲಕವೇ ದಾಟಬೇಕು. ದಾಟುವವರಲ್ಲಿ ಹತ್ತಕ್ಕೊಬ್ಬ ಪತ್ರಿಕೆಯ ತಲೆಬರಹವನ್ನಾದರೂ ನೋಡಿಯಾನು. ಗೋಡೆಯ ಮೇಲೆ ಬಸ್ಸುಗಳ ವೇಳಾಪಟ್ಟಿ. ಕೊನೆಯದನ್ನು ಓದಿ ಅಧ್ಯಕ್ಷರು, 'ಇದು ಕಾಲೇಜೋ ಬಸ್ ನಿಲ್ದಾಣವೋ?' ಎಂದರು. ಎರಡೂ ಆದರೆ ತಪ್ಪೇನೆಂದು ನನಗಿನ್ನೂ ತಿಳಿದಿಲ್ಲ.

ಈ ಹಟ ನನಗೆ ಎಲ್ಲಿಂದ ಬಂತೆಂದು ಯೋಚಿಸಿದರೆ ಪುತ್ತೂರಿನ ಪರ್ಲಡ್ಕದ ಬಾಲವನದಿಂದ ಎನ್ನಬೇಕು. ಕಾರಂತರು ಬಹುಕಾಲ ಬಾಳಿ, ಬರೆದು, ಮಕ್ಕಳನ್ನು ಕಟ್ಟಿಕೊಂಡು ಕುಣಿದ ಜಾಗ. ಅವರು ಸಾಲಿಗ್ರಾಮದ ಕಡೆಗೆ ಹೋದ ಮೇಲೆ ಅಲ್ಲಿ ಮೌನ ಕವಿಯಿತು. ಆಮೇಲೆ ಅವರ ಮನೆಯನ್ನು ಜೀರ್ಣೋದ್ಧಾರ ಮಾಡಿ ಉಳಿಸಿದ್ದಾರೆ, ಒಳ್ಳೆಯ ಕೆಲಸ. ಆದರೆ ಅದೇ ಆವರಣದಲ್ಲಿ ಈಜುಕೊಳ ಕಂಡು ಮೂಗು ಮುರಿದವರಲ್ಲಿ ನಾನೂ ಇದ್ದೆ. ಜ್ಞಾನಪೀಠದ ಲೇಖಕರ ನೆಲದಲ್ಲಿ ಈಜುಕೊಳವೇ ಎಂದು. ಒಂದು ಸಂಜೆ ಅಲ್ಲಿಗೆ ಹೋದಾಗ ಒದ್ದೆ ತಲೆಯ ಹತ್ತಾರು ಮಕ್ಕಳು ಕಿರುಚುತ್ತ ಮರಗಳ ನಡುವೆ ಓಡಿಬಂದರು. ಆ ಜಾಗಕ್ಕೆ ಕಾರಂತರು ಇಟ್ಟ ಹೆಸರು ಸಾಹಿತ್ಯವನವಲ್ಲ, ಬಾಲವನ ಎಂಬುದು ಆಗ ನೆನಪಾಯಿತು. ಸ್ಮಾರಕ ಮಾಡಲಾರದ್ದನ್ನು ನೀರು ಮಾಡಿತ್ತು.

ಇನ್ನು ದಾನಿಗಳ ವಿಷಯ. ಮೂರಂತಸ್ತಿಗೆ ಹಣ ಕೊಡಲು ಒಪ್ಪಿದವರು ಹಂಚಿನ ಮಾಡಿಗೆ ಕೊಟ್ಟಾರೆಯೇ ಎಂಬ ಚಿಂತೆ ಆಡಳಿತದವರಿಗಿದೆ. ಅದು ಸುಳ್ಳು ಚಿಂತೆಯಲ್ಲ. ದುಡಿದ ಹಣ ಕೊಡುವವರು ತಮ್ಮ ತಾಯಿಯ ಹೆಸರು ದೂರಕ್ಕೆ ಕಾಣಲಿ ಎಂದು ಆಸೆಪಟ್ಟರೆ ನಗುವುದು ಸರಿಯಲ್ಲ. ಆ ತಾಯಿಯ ಹೆಸರನ್ನು ಜಗಲಿಗೆ ಇಡಬಹುದೆಂದು ನಾನು ಸೂಚಿಸಿದ್ದೇನೆ. ಗಾಜಿನ ಮುಖದ ಮೇಲಿನ ಹೆಸರನ್ನು ಗೇಟಿನಿಂದ ಓದುತ್ತಾರೆ; ಜಗಲಿಯ ಹೆಸರನ್ನು, 'ಅಲ್ಲಿ ಸಿಗು' ಎಂದು ಹುಡುಗಿಯರು ದಿನಕ್ಕೆ ನಾಲ್ಕು ಸಲ ಬಾಯಲ್ಲಿ ಹೇಳುತ್ತಾರೆ. ದಾನಿಗಳಿಗೆ ಈ ಮಾತು ತಲುಪಿಸುತ್ತೇವೆಂದು ಕಾರ್ಯದರ್ಶಿಗಳು ಒಪ್ಪಿಕೊಂಡಿದ್ದಾರೆ. ತಲುಪಿತೋ ಇಲ್ಲವೋ ಗೊತ್ತಿಲ್ಲ.

ನಕ್ಷೆ ಇನ್ನೂ ಮೇಜಿನ ಮೇಲೆಯೇ ಇದೆ. ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ಜನರೇಟರಿನ ಕೋಣೆಯ ಸುತ್ತ ಒಂದು ವರ್ತುಲ ಎಳೆದು, ಅಂಚಿನಲ್ಲಿ 'ಇಲ್ಲಿ ಯಾರು ಕೂರುತ್ತಾರೆ?' ಎಂದು ಬರೆದಿದ್ದೇನೆ. ಇಂಜಿನಿಯರರು ಬುಧವಾರ ಬರುತ್ತಾರಂತೆ. ಅಡಿಗಲ್ಲಿನ ನಾಲ್ಕು ಸಾಲನ್ನು ಇನ್ನೂ ಬರೆದುಕೊಟ್ಟಿಲ್ಲ.